ಮೈಸೂರಿನ ಬಾಣ ಮತ್ತು ಬಲದ ಲೆಕ್ಕ

ಜ್ಞಾನಾರ್ಜನೆಯ ಬಗ್ಗೆ ಜುಮಾ ಖುತ್ಬಾ ಇದ್ದರೆ ಇಬ್ನು ಸೀನಾ, ಟಿಪ್ಪು ಸುಲ್ತಾನರ ಹೆಸರು ಬಂದೇ ಬರುತ್ತದೆ. ಬರಲಿ. ಆದರೆ ಅವರು ಮಾಡಿದ್ದೇನು ಎಂದು ಮನೆಯಲ್ಲಿ ಮಕ್ಕಳು ಕೇಳಿದರೆ, "ನ್ಯೂಟನ್‌ಗಿಂತ ಮೊದಲೇ ನಮ್ಮವರು ಎಲ್ಲ ಬರೆದಿದ್ದರು" ಎಂದು ಹೇಳಿ ಮುಗಿಸುತ್ತೇವೆ. ಅದು ಅರ್ಧ ಸತ್ಯ.

ಎಸೆದ ಕಲ್ಲು ಕೈ ಬಿಟ್ಟ ಮೇಲೂ ಏಕೆ ಮುಂದೆ ಹೋಗುತ್ತದೆ? ಗಾಳಿ ತಳ್ಳುತ್ತದೆ ಎಂದ ಅರಿಸ್ಟಾಟಲ್. ಆರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ರೈಸ್ತ ವಿದ್ವಾಂಸ ಫಿಲೊಪೊನಸ್ ಅದನ್ನು ಒಪ್ಪಲಿಲ್ಲ. 1037ರಲ್ಲಿ ನಿಧನರಾದ ಇಬ್ನು ಸೀನಾ ಇನ್ನೂ ಮುಂದೆ ಹೋದರು: ಎಸೆಯುವವನು ಕಲ್ಲಿಗೆ 'ಮೈಲ್' ಕೊಡುತ್ತಾನೆ, ತಡೆಯುವುದೇನೂ ಇಲ್ಲದಿದ್ದರೆ ಅದು ಕುಂದುವುದಿಲ್ಲ ಎಂದರು. ಸಂಶಿ ನಿಲ್ದಾಣದಲ್ಲಿ ರೈಲು ಬ್ರೇಕ್ ಹಾಕಿದಾಗ ಬಾಗಿಲಲ್ಲಿ ನಿಂತವರು ಮುಂದಕ್ಕೆ ವಾಲುವುದು ಇದೇ ಜಾತಿಯ ಸಂಗತಿ. ಆದರೆ ಇಷ್ಟು ಬಲಕ್ಕೆ ವೇಗ ಇಷ್ಟು ಬದಲಾಗುತ್ತದೆ ಎಂಬ ಲೆಕ್ಕ ಬಂದದ್ದು 1687ರ ನ್ಯೂಟನ್ ಗ್ರಂಥದಲ್ಲಿ. ಇದನ್ನು ಒಪ್ಪಿದರೆ ಇಬ್ನು ಸೀನಾ ಸಣ್ಣವರಾಗುವುದಿಲ್ಲ.

ಇನ್ನು ಬಾಣ. ಹೊಲದಲ್ಲಿ ಪಂಪ್‌ಸೆಟ್ ಚಾಲೂ ಮಾಡಿ ಪೈಪಿನ ತುದಿ ಕೈಬಿಟ್ಟರೆ ಅದು ಹಾವಿನಂತೆ ಹಿಂದಕ್ಕೆ ಹಾರುತ್ತದೆ. ನೀರು ಮುಂದಕ್ಕೆ, ಪೈಪು ಹಿಂದಕ್ಕೆ. ರಾಕೆಟ್ಟಿನಲ್ಲಿ ನೀರಿನ ಬದಲು ಮದ್ದಿನ ಬಿಸಿ ಅನಿಲ. ಅದು ಹಿಂದಕ್ಕೆ ನುಗ್ಗುತ್ತದೆ, ನಳಿಕೆ ಮುಂದಕ್ಕೆ ಹಾರುತ್ತದೆ. ಕಾಗದದ ಅಥವಾ ಬಿದಿರಿನ ನಳಿಕೆಯಲ್ಲಿ ಮದ್ದು ಹೆಚ್ಚು ಗಿಡಿದರೆ ಒಡೆದುಹೋಗುತ್ತದೆ. ಹೈದರ್ ಅಲಿ, ಟಿಪ್ಪು ಅವರ ಕಾಲದ ಮೈಸೂರಿನವರು ಕಬ್ಬಿಣದ ನಳಿಕೆ ಮಾಡಿದರು. ಕಬ್ಬಿಣ ಹೆಚ್ಚು ಒತ್ತಡ ತಾಳುತ್ತದೆ, ಅನಿಲ ಹೆಚ್ಚು ವೇಗದಿಂದ ಹೊರಬೀಳುತ್ತದೆ, ಬಾಣ ಒಂದರಿಂದ ಎರಡು ಕಿಲೋಮೀಟರ್ ಹೋಗುತ್ತದೆ. ಗುರಿ ತಪ್ಪಿ ಹೊರಳಾಡದಿರಲಿ ಎಂದು ಉದ್ದನೆಯ ಬಿದಿರಿನ ಗಳ ಕಟ್ಟುತ್ತಿದ್ದರು. ನನ್ನ ಮಟ್ಟಿಗೆ ಹೆಮ್ಮೆ ಸಲ್ಲಬೇಕಾದದ್ದು ಈ ಕಮ್ಮಾರಿಕೆಗೆ.

1780ರ ಪೊಳ್ಳಿಲೂರು ಯುದ್ಧದಲ್ಲಿ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸ್ಫೋಟಿಸಿದವು; ಬಾಣ ತಗುಲಿಯೇ ಎಂದು ಹಲವರು ನಂಬಿದ್ದಾರೆ. ಟಿಪ್ಪು ಬರೆಸಿದ 'ಫತಹುಲ್ ಮುಜಾಹಿದೀನ್' ಎಂಬ ಸೇನಾ ಕೈಪಿಡಿಯ ಪ್ರಕಾರ ಕುಶೂನ್ ಎಂಬ ಪ್ರತಿ ದಳಕ್ಕೂ 200 ಬಾಣಗಾರರು. ಧಾರವಾಡ ಕೋಟೆಯೂ ಆಗ ಟಿಪ್ಪುವಿನ ಕೈಯಲ್ಲಿತ್ತು. ಮರಾಠರೂ ಇಂಗ್ಲಿಷರೂ ಸೇರಿ ಮುತ್ತಿದಾಗ ಬದ್ರುಜ್ಜಮಾನ್ ಖಾನ್ ಅದನ್ನು 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಬಿಟ್ಟುಕೊಡಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಬಾಣಗಳು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರಕ್ಕೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನೇ ಮಾದರಿಯಾಗಿಟ್ಟುಕೊಂಡು ಹಾರಿಸಿ ನೋಡಿದ, ಗಾತ್ರ ಬದಲಿಸಿದ, ಮತ್ತೆ ಹಾರಿಸಿದ, ಪುಸ್ತಕ ಮುದ್ರಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರ ಆ ರಾಕೆಟ್‌ಗಳಿಂದ ಉರಿಯಿತು. ಕೈಯಲ್ಲಿದ್ದ ವಿದ್ಯೆ ನಮ್ಮದು, ಅಳೆದು ಬರೆದಿಟ್ಟ ಲೆಕ್ಕ ಅವರದು. ಮುಂದೆ ಜಗತ್ತು ರಾಕೆಟ್ಟಿಗೆ ಕಾಂಗ್ರೀವ್‌ನ ಹೆಸರಿಟ್ಟಿತು. ಅಮೆರಿಕದ ವಾಲಪ್ಸ್ ಕೇಂದ್ರದ ಗೋಡೆಯ ಮೇಲೆ ಟಿಪ್ಪುವಿನ ಬಾಣಗಾರರ ಚಿತ್ರ ಕಂಡು ಬೆರಗಾದುದನ್ನು ಅಬ್ದುಲ್ ಕಲಾಂ ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಣಗಿದ ಬಾವಿಯೊಂದನ್ನು ಅಗೆದಾಗ ಇಂಥ 1000ಕ್ಕೂ ಹೆಚ್ಚು ಕಬ್ಬಿಣದ ನಳಿಕೆಗಳು ಸಿಕ್ಕವು. ಶಿವಮೊಗ್ಗದ ಕಡೆ ಹೋದಾಗ ಮಕ್ಕಳನ್ನು ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಕರೆದೊಯ್ಯಿರಿ. ಹೆಸರು ಹೇಳಿಕೊಟ್ಟು ಬಿಡಬೇಡಿ, ಅದು ಹೇಗೆ ಹಾರಿತು ಎಂದು ಅವರನ್ನೇ ಕೇಳಿ.