ಕಪಾಟಿನ ಕೀಲಿಕೈ ಮತ್ತು ಗಣಕಯಂತ್ರದ ಪಾಸ್‌ವರ್ಡ್
ಸಾಂಗಲಿ-ಮಿರಜ ಭಾಗದ ಶಾಲಾ ದಫ್ತರದ ಇತಿಹಾಸದಿಂದ ಒಂದು ವಿಚಾರ

ಇತಿಹಾಸ ಸಂಶೋಧಕರ ಕಣ್ಣು ಮೊದಲು ಬೀಳುವದು ಶಿಲಾಶಾಸನದ ಮೇಲೆ, ತಾಮ್ರಪಟದ ಮೇಲೆ, ಇಲ್ಲವೆ ಯಾವದಾದರೊಂದು ಮಠದ ಅಟ್ಟದ ಮೇಲಿನ ಓಲೆಗರಿಯ ಕಟ್ಟಿನ ಮೇಲೆ. ಊರ ಶಾಲೆಯ ಕಪಾಟಿನಲ್ಲಿ ಧೂಳು ಹಿಡಿದು ಕುಳಿತ ಜನರಲ್ ರಜಿಸ್ಟರು ಬಹುಶಃ ಯಾರ ಲಕ್ಷ್ಯಕ್ಕೂ ಬರುವದಿಲ್ಲ. ಆದರೆ ನಮ್ಮ ಗಡಿಭಾಗದ ಎಷ್ಟೋ ಒಕ್ಕಲು ಮನೆತನಗಳ, ಕೂಲಿಕಾರರ, ಕಸುಬುದಾರರ ಮಕ್ಕಳ ಹೆಸರು ಮಸಿಯಲ್ಲಿ ಮೂಡಿದ್ದು ಆ ಪುಸ್ತಕದಲ್ಲಿ. ಈಗ ಆ ಪುಸ್ತಕ ಗಣಕಯಂತ್ರದೊಳಗೆ ಹೋಗಿದೆ. ಅದನ್ನು ಯಾರು ತೆರೆಯಬೇಕು, ಯಾರು ತೆರೆಯಬಾರದು ಎಂಬ ಪ್ರಶ್ನೆ ಹೊಸದೆಂದು ಹಲವರು ತಿಳಿದಿದ್ದಾರೆ. ಅದು ಹೊಸದಲ್ಲವೆಂಬುದನ್ನು ತೋರಿಸುವದೇ ಪ್ರಸ್ತುತ ಲೇಖನದ ಉದ್ದೇಶ.

೧. ಸಂಸ್ಥಾನಗಳ ಕಾಲ

ಸಾಂಗಲಿ, ಮಿರಜಗಳೆರಡೂ ಪಟವರ್ಧನ ಮನೆತನದ ಸಂಸ್ಥಾನಗಳ ರಾಜಧಾನಿಗಳು. ದರಬಾರಿನ ವ್ಯವಹಾರವೆಲ್ಲ ಮರಾಠಿ. ಪ್ರಜೆಗಳಲ್ಲಿ ಕನ್ನಡಿಗರು ಬಹಳ. ತೇರದಾಳ, ಶಿರಹಟ್ಟಿ, ಶಹಾಪುರಗಳು ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರವು ಮಿರಜದ ಹಿರಿಯ ಶಾಖೆಗೂ ಸೇರಿದ್ದವು. ೧೯೪೮ನೆಯ ಇಸವಿ ಮಾರ್ಚ್ ೮ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೪೯ರ ಆಗಸ್ಟ್ ೧ರಂದು ದಕ್ಷಿಣ ಸಾತಾರಾ ಜಿಲ್ಲೆ ಹುಟ್ಟಿತು. ಅದಕ್ಕೆ ಸಾಂಗಲಿ ಜಿಲ್ಲೆಯೆಂಬ ಹೆಸರು ಬಂದದ್ದು ೧೯೬೦ರ ನವೆಂಬರ ೨೧ರಂದು. ಈ ನಡುವೆ ೧೯೫೬ರ ನವೆಂಬರ ೧ರಂದು ತೇರದಾಳ, ಶಿರಹಟ್ಟಿ, ಶಹಾಪುರ, ಲಕ್ಷ್ಮೇಶ್ವರಗಳು ಮೈಸೂರು ರಾಜ್ಯಕ್ಕೆ ಬಂದವು. ಮಿರಜ, ಜತ್ತಗಳು ಆಚೆಯೇ ಉಳಿದವು. ಜತ್ತದ ಒಬ್ಬ ಹುಡುಗ ೧೯೪೭ರಲ್ಲಿ ಶಾಲೆ ಸೇರಿ ೧೯೬೧ರ ವರೆಗೆ ಓದಿದನೆಂದು ಎಣಿಸಿದರೆ, ಅವನು ಸಂಸ್ಥಾನ, ಮುಂಬಯಿ ಪ್ರಾಂತ, ದ್ವಿಭಾಷಾ ಮುಂಬಯಿ ರಾಜ್ಯ, ಮಹಾರಾಷ್ಟ್ರ ಎಂಬ ನಾಲ್ಕು ಆಡಳಿತಗಳನ್ನು ಕಂಡನು. ಇಷ್ಟೆಲ್ಲ ಬದಲಾದರೂ ಅವನ ಹೆಸರು ಕುಳಿತದ್ದು ಶಾಲೆಯ ಪುಸ್ತಕದ ಒಂದೇ ಸಾಲಿನಲ್ಲಿ.

ಮುಂದೆ ಅವನು ಕಾಲೇಜು ಕಲಿಯಬೇಕೆಂದರೆ ೧೯೧೯ರಲ್ಲಿ ಸ್ಥಾಪಿತವಾದ ಸಾಂಗಲಿಯ ವಿಲಿಂಗ್ಡನ್ ಕಾಲೇಜು ಇದ್ದಿತು. ರಂ. ಶ್ರೀ. ಮುಗಳಿಯವರು, ವಿ. ಕೃ. ಗೋಕಾಕರು ಸೇವೆ ಮಾಡಿದ ಸಂಸ್ಥೆಯದು. ಅಲ್ಲಿಗೆ ಹಳ್ಳಿಯ ಹುಡುಗ ಕೈಯಲ್ಲಿ ಹಿಡಿದು ಬರುತ್ತಿದ್ದ ಕಾಗದವೆಂದರೆ ಶಾಲೆ ಬಿಟ್ಟ ದಾಖಲೆ. ಅದರ ಮೂಲ ಅದೇ ರಜಿಸ್ಟರು.

೨. ಒಂದು ಸಾಲಿನ ಬೆಲೆ

ಆ ಸಾಲಿನಲ್ಲಿ ಏನಿರುತ್ತದೆ? ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದೂರು, ಜನ್ಮತಾರೀಖು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಮೇಲಧಿಕಾರಿಯ ಅಪ್ಪಣೆಯಿಲ್ಲದೆ ಇವುಗಳನ್ನು ತಿದ್ದುವಂತಿಲ್ಲ. ರಜಿಸ್ಟರು ಶಾಶ್ವತ ದಫ್ತರ. ಅದನ್ನು ನಾಶ ಮಾಡುವಂತಿಲ್ಲ.

ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರ ಬೇಡುವವರು ತಮ್ಮ ಹಿರಿಯರ ಹಳೆಯ ದಾಖಲೆ ತೋರಿಸಬೇಕಾಗುತ್ತದೆ. ಪರಿಶಿಷ್ಟ ಜಾತಿಯವರಿಗೆ ೧೯೫೦ರ ಆಗಸ್ಟ್ ೧೦, ವಿಮುಕ್ತ-ಅಲೆಮಾರಿ ಜನಾಂಗಗಳಿಗೆ ೧೯೬೧ರ ನವೆಂಬರ ೨೧, ಇತರ ಹಿಂದುಳಿದ ವರ್ಗಗಳಿಗೆ ೧೯೬೭ರ ಅಕ್ಟೋಬರ ೧೩, ಹೀಗೆ ದಿನಗಳು ಗೊತ್ತಾಗಿವೆ. ಆದ್ದರಿಂದ ಮೊಮ್ಮಗನು ಅಜ್ಜನ ಶಾಲೆಯ ಬಾಗಿಲಿಗೆ ಬರುತ್ತಾನೆ. ೨೦೨೩ರಲ್ಲಿ ನ್ಯಾಯಮೂರ್ತಿ ಸಂದೀಪ ಶಿಂದೆಯವರ ಸಮಿತಿ ಕುಣಬಿ ನೋಂದಣಿಗಳ ಶೋಧಕ್ಕೆ ತೊಡಗಿದಾಗ ಕಂದಾಯ ದಫ್ತರದ ಜೊತೆಗೆ ಶಾಲೆಗಳ ಪ್ರವೇಶ-ನಿರ್ಗಮ ಪುಸ್ತಕಗಳನ್ನೂ ತೆರೆಯಲಾಯಿತು. ಮೋಡಿ ಲಿಪಿ ಬಲ್ಲವರನ್ನು ಹುಡುಕಬೇಕಾಯಿತು. ಯಾರೋ ಒಬ್ಬ ಮಾಸ್ತರರು ಬರೆದಿಟ್ಟ ಒಂದು ಶಬ್ದ ಮೂರನೆಯ ತಲೆಮಾರಿನ ಹುಡುಗನ ನೌಕರಿಯನ್ನು ನಿರ್ಧರಿಸುವದೆಂದರೆ ಈ ಪುಸ್ತಕದ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹುಡುಗನಿಗೆ ಆಧಾರವಾಗುವ ಈ ಸಾಲೇ ಅವನಿಗೆ ಅವಮಾನವೂ ಆಗಬಲ್ಲದು. ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನೌಕರಿಗೆ ಸೇರಿದ ಹೊಸದರಲ್ಲಿ, ಶಿಷ್ಯವೇತನದ ಯಾದಿ ಮಾಡುವಾಗ, ತುಂಬಿದ ವರ್ಗದಲ್ಲಿ ರಜಿಸ್ಟರು ಹಿಡಿದು ಹೆಸರಿನೊಡನೆ ಜಾತಿಯನ್ನೂ ಗಟ್ಟಿಯಾಗಿ ಓದಿದೆನು. ಒಬ್ಬ ಹುಡುಗನು ತನ್ನ ಹೆಸರು ಬಂದಾಗ ಏಳಲೇ ಇಲ್ಲ. ಕಿವಿ ಕೇಳಲಿಲ್ಲವೇನೋ ಎಂದು ಎರಡನೆಯ ಸಲ ಓದಿದೆನು. ಮರುದಿನದಿಂದ ಎಂಟು ದಿವಸ ಅವನು ಶಾಲೆಗೆ ಬರಲಿಲ್ಲ. ಆಗ ನಮ್ಮ ಶಾಲೆಯಲ್ಲಿ ಗಣಕಯಂತ್ರವೆಂಬುದೇ ಇರಲಿಲ್ಲ. ಗುಟ್ಟು ಹೊರಬಿದ್ದದ್ದು ನನ್ನ ಬಾಯಿಯಿಂದ.

೩. ಎಣಿಕೆ ಬೇರೆ, ಹೆಸರು ಬೇರೆ

ಗಡಿಭಾಗದ ನಮಗೆ ಇಲ್ಲೊಂದು ತೊಡಕುಂಟು. ನಮ್ಮ ಮಕ್ಕಳ ಎಣಿಕೆ ನಮಗೆ ಬೇಕು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಅ ಕಲಮು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಮಿರಜ, ಜತ್ತ ತಾಲೂಕುಗಳ ಕನ್ನಡ ಶಾಲೆಗಳಿಗೆ ಶಿಕ್ಷಕರು ಬರಬೇಕಾದರೆ, ಪುಸ್ತಕ ಬರಬೇಕಾದರೆ, 'ಮಾತೃಭಾಷೆ ಕನ್ನಡ' ಎಂಬ ಕಲಮಿನಲ್ಲಿ ಎಷ್ಟು ಮಕ್ಕಳು ಎಂಬುದು ಸರಕಾರಕ್ಕೆ ತಿಳಿದಿರಬೇಕು. ಹಾಗಾದರೆ ಎಲ್ಲವನ್ನೂ ತೆರೆದಿಡುವದೇ ಕನ್ನಡಕ್ಕೆ ಹಿತವಲ್ಲವೆ ಎಂದು ಕೆಲವರು ಕೇಳುತ್ತಾರೆ.

ಈ ಪ್ರಶ್ನೆಗೆ ಉತ್ತರ ಶಿಕ್ಷಕರಿಗೆ ಗೊತ್ತಿದ್ದದ್ದೇ. ಜನಗಣತಿಯ ಕಾಗದ ಹಿಡಿದು ಮನೆಮನೆ ತಿರುಗಿದವರು ಬಹುಮಟ್ಟಿಗೆ ನಾವೇ. ೧೯೪೮ರ ಜನಗಣತಿ ಕಾಯದೆಯ ೧೫ನೆಯ ಕಲಮಿನ ಪ್ರಕಾರ ಒಂದು ಮನೆಯವರು ಕೊಟ್ಟ ಮಾಹಿತಿಯನ್ನು ಇನ್ನೊಬ್ಬರು ನೋಡುವಂತಿಲ್ಲ; ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಸಾಮಾನ್ಯವಾಗಿ ಅದು ನಡೆಯುವದಿಲ್ಲ. ಆದರೂ ಜಿಲ್ಲೆಯಲ್ಲಿ ಕನ್ನಡ ಮಾತನಾಡುವವರು ಎಷ್ಟು ಜನರೆಂಬ ಲೆಕ್ಕ ಅಚ್ಚಾಗಿ ಬರುತ್ತದೆ. ಲೆಕ್ಕ ಲೋಕಕ್ಕೆ, ಹೆಸರು ಕಪಾಟಿಗೆ: ಈ ನೀತಿಯನ್ನು ಜನಗಣತಿಯಲ್ಲಿ ಪಾಲಿಸುವ ನಾವು ಶಾಲೆಯ ದಫ್ತರದ ವಿಷಯದಲ್ಲಿ ಮರೆಯಲು ಕಾರಣವಿಲ್ಲ.

೪. ಗಣಕಯಂತ್ರ ಬಂದ ಬಗೆ

ಭಾರತದ ಶಾಲೆಗಳಿಗೆ ಗಣಕಯಂತ್ರ ಸರಕಾರದ ಯೋಜನೆಯಾಗಿ ಬಂದದ್ದು ೧೯೮೪ರಲ್ಲಿ. 'ಕ್ಲಾಸ್' ಎಂಬ ಆ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಟ್ಟರು. ಆಗ ಅದು ಕಲಿಯುವ ವಸ್ತುವಷ್ಟೇ. ಅದರೊಳಗೆ ಮಕ್ಕಳ ಹೆಸರು ಇರಲಿಲ್ಲ. ೨೦೦೪ರಲ್ಲಿ ಕೇಂದ್ರ ಸರಕಾರದ ಇನ್ನೊಂದು ಯೋಜನೆ ಮಾಧ್ಯಮಿಕ ಶಾಲೆಗಳಲ್ಲಿ ಗಣಕ ಪ್ರಯೋಗಾಲಯಗಳನ್ನು ತೆರೆಯಿಸಿತು. ದಫ್ತರವೇ ಯಂತ್ರದೊಳಗೆ ಹೊಕ್ಕದ್ದು ತರುವಾಯ. ೨೦೧೫ರಲ್ಲಿ ಮಹಾರಾಷ್ಟ್ರದ 'ಸರಲ್' ವ್ಯವಸ್ಥೆ ಬಂದಿತು. ದೇಶದ ಮಟ್ಟದಲ್ಲಿ 'ಯುಡೈಸ್' ಎಂಬ ಶಾಲಾ ಗಣತಿ ಮೊದಲು ಶಾಲೆಗೆ ಇಷ್ಟು ಮಕ್ಕಳೆಂಬ ಒಟ್ಟು ಅಂಕಿಗಳನ್ನು ಕೇಳುತ್ತಿದ್ದಿತು. ೨೦೨೨-೨೩ರಿಂದ ಒಂದೊಂದು ಮಗುವಿನ ವಿವರವನ್ನೂ ಬೇರೆ ಬೇರೆಯಾಗಿ ಕೇಳತೊಡಗಿತು. ಬಳಿಕ 'ಅಪಾರ್' ಎಂಬ ೧೨ ಅಂಕಿಯ ವಿದ್ಯಾರ್ಥಿ ಗುರುತು ಬಂದಿತು. ಅದಕ್ಕೆ ಪಾಲಕರ ಸಮ್ಮತಿ ಬೇಕು.

ವ್ಯತ್ಯಾಸ ಎಲ್ಲಿದೆ? ಕಪಾಟಿನ ಪುಸ್ತಕ ಒಂದೇ. ಕೀಲಿಕೈ ಹೆಡ್‌ಮಾಸ್ತರರ ಜನಿವಾರಕ್ಕೋ ಉಡಿದಾರಕ್ಕೋ. ಕದಿಯಬೇಕೆಂದವನು ಊರಿಗೇ ಬರಬೇಕು. ಯಂತ್ರದ ದಫ್ತರಕ್ಕೆ ಊರೆಂಬುದಿಲ್ಲ. ಶಿಕ್ಷಕರೂ ವಿದ್ಯಾರ್ಥಿಗಳೂ ಬಳಸುವ 'ದೀಕ್ಷಾ' ಎಂಬ ಸರಕಾರಿ ವ್ಯವಸ್ಥೆಯ ಒಂದು ಸಂಗ್ರಹ ಕೀಲಿಯಿಲ್ಲದೆ ತೆರೆದಿದ್ದಿತೆಂದು ೨೦೨೩ರ ಜನವರಿಯಲ್ಲಿ ವರದಿಯಾಯಿತು. ಹತ್ತು ಲಕ್ಷಕ್ಕೂ ಮೇಲ್ಪಟ್ಟು ಶಿಕ್ಷಕರ, ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರಗಳು ಅದರಲ್ಲಿದ್ದವು.

ನಮ್ಮ ಭಾಗದಲ್ಲಿ ಇನ್ನೊಂದು ಬಿರುಕುಂಟು. ಕನ್ನಡದ ಹ್ರಸ್ವ ಎ, ಒಗಳಿಗೆ ಮರಾಠಿ ಬರವಣಿಗೆಯಲ್ಲಿ ಬೇರೆ ಗುರುತಿಲ್ಲ. ಎಲ್ಲಪ್ಪನು ಮರಾಠಿ ಕಾಗದದಲ್ಲಿ ಯಲ್ಲಾಪ್ಪಾ ಆಗುತ್ತಾನೆ. ಇಂಗ್ಲಿಷಿನಲ್ಲಿ ಮೂರನೆಯ ರೂಪ ತಾಳುತ್ತಾನೆ. ಆಧಾರ ಚೀಟಿಯ ಹೆಸರು, ಶಾಲೆಯ ಹೆಸರು ಕೂಡದಿದ್ದರೆ ಯಂತ್ರ ಒಪ್ಪುವದಿಲ್ಲ. ಆಗ ಅವಸರದಲ್ಲಿ ಮಗುವಿನ ಆಧಾರ ಚೀಟಿಯ ಚಿತ್ರವನ್ನು ವಾಟ್ಸಪ್ ಗುಂಪಿಗೆ ಹಾಕಿ 'ಯಾರಾದರೂ ನೋಡಿರಿ' ಎನ್ನುವ ಪರಿಪಾಠ ಬೆಳೆದಿದೆ. ಸರಿಪಡಿಸುವ ಸದುದ್ದೇಶದಿಂದಲೇ ಮಗುವಿನ ಗುರುತು ನೂರು ಮೊಬೈಲುಗಳಿಗೆ ಹೋಗುತ್ತದೆ.

೫. ಕಾಯದೆ ಮತ್ತು ಕೀಲಿ

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ೨೦೧೭ರ ಆಗಸ್ಟ್ ೨೪ರಂದು ಸಾರಿದರು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಸಂಗತಿ. ೨೦೧೮ರ ಸಪ್ಟೆಂಬರ ೨೬ರ ತೀರ್ಪು ಶಾಲಾ ಪ್ರವೇಶಕ್ಕೆ ಆಧಾರ ಕಡ್ಡಾಯವಲ್ಲವೆಂದಿತು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯದೆಯು ೧೮ ವರ್ಷ ತುಂಬದವರ ವಿವರಕ್ಕೆ ಪಾಲಕರ ಸಮ್ಮತಿ ಬೇಕೆನ್ನುತ್ತದೆ. ಅದರ ನಿಯಮಗಳು ೨೦೨೫ರ ನವೆಂಬರದಲ್ಲಿ ಪ್ರಕಟವಾದವು. ಅಮೇರಿಕೆಯಲ್ಲಿ ವಿದ್ಯಾರ್ಥಿ ದಾಖಲೆಗಳ ಗೋಪ್ಯಕ್ಕೆ ೧೯೭೪ರಲ್ಲೇ ಕಾಯದೆಯಾಗಿತ್ತು. ೨೦೦೦ದಲ್ಲಿ ಮಾಡಿದ ಇನ್ನೊಂದು ಕಾಯದೆಯು ಸರಕಾರದ ರಿಯಾಯತಿ ಪಡೆಯುವ ಶಾಲೆಗಳು ಯಂತ್ರಗಳಲ್ಲಿ ಅಶ್ಲೀಲ ಚಿತ್ರಗಳನ್ನು ತಡೆಯಬೇಕೆಂದು ವಿಧಿಸಿತು.

ಇವೆರಡು ಬೇರೆ ಬೇರೆ ಬಗೆಯ ಕೀಲಿಗಳೆಂಬುದನ್ನು ಗಮನಿಸಬೇಕು. ಮೊದಲನೆಯದು ಮಗುವಿನ ವಿವರವನ್ನು ಪರರಿಂದ ಕಾಯುತ್ತದೆ. ಎರಡನೆಯದು ಮಗುವಿನ ಕೈಯನ್ನೇ ತಡೆಯುತ್ತದೆ. ನಮ್ಮಲ್ಲಿ ಅನೇಕ ಸಲ ಇವು ತಿರುವುಮುರುವಾಗಿವೆ. ನಾನು ಕಂಡ ಒಂದು ಶಾಲೆಯಲ್ಲಿ ಮಕ್ಕಳ ಯಂತ್ರಕ್ಕೆ ಭದ್ರವಾದ ಬಂಧನ. ಕನ್ನಡದ ಕೀಲಿಮಣೆಯನ್ನು ಸೇರಿಸಬೇಕೆಂದರೂ ಪಟ್ಟಣದಿಂದ ತಂತ್ರಜ್ಞನು ಬರಬೇಕು. ೧೯೯೧ರಲ್ಲಿಯೇ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಆ ಮಕ್ಕಳು ತಮ್ಮ ಹೆಸರನ್ನು ಕನ್ನಡದಲ್ಲಿ ಮೂಡಿಸಲಾರರು. ಆದರೆ ಕಚೇರಿಯ ಯಂತ್ರದ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅದರ ಹಣೆಗೇ ಅಂಟಿಸಿದ್ದರು! ಕಾಯಬೇಕಾದದ್ದು ತೆರೆದಿದ್ದಿತು, ತೆರೆಯಬೇಕಾದದ್ದು ಮುಚ್ಚಿದ್ದಿತು.

೬. ಉಪಸಂಹಾರ

ಇದಕ್ಕೆ ಪರಿಹಾರವಾಗಿ ದೊಡ್ಡ ಖರ್ಚೇನೂ ಬೇಕಿಲ್ಲ. ಒಬ್ಬರ ಪಾಸ್‌ವರ್ಡು ಒಬ್ಬರಿಗೇ ಇರಲಿ. ಬದಲಿಯಾದ ಶಿಕ್ಷಕರ ಪಾಸ್‌ವರ್ಡನ್ನು ಅಂದೇ ರದ್ದು ಮಾಡಲಿ. ಚೀಟಿಯ ಚಿತ್ರಗಳು ಗುಂಪುಗಳಿಗೆ ಹೋಗದಿರಲಿ. ಸಮ್ಮತಿಯ ಕಾಗದವನ್ನು ಪಾಲಕರಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಳ್ಳಲಿ. ನಮ್ಮ ಸಂಘವು ಕನ್ನಡ ಮಕ್ಕಳ ಸಂಖ್ಯೆಯನ್ನು ತಾಲೂಕುವಾರು ಪ್ರಕಟಿಸಲಿ. ಯಾವ ಮಗುವಿನ ಹೆಸರನ್ನೂ ಪ್ರಕಟಿಸದಿರಲಿ.

ಎಂಟು ದಿವಸ ಶಾಲೆ ತಪ್ಪಿಸಿದ ಆ ಹುಡುಗನು ಮುಂದೆ ಓದಿ ನೌಕರಿ ಹಿಡಿದನು. ಹಲವು ವರ್ಷಗಳ ಮೇಲೆ ತನ್ನ ಮಗನಿಗಾಗಿ ದಾಖಲೆಯ ಪ್ರತಿ ಬೇಡಿ ಬಂದನು. ಅದೇ ರಜಿಸ್ಟರು ತೆಗೆದು ಅದೇ ಸಾಲನ್ನು ಬರೆದುಕೊಟ್ಟೆನು. ಈ ಸಲ ಬಾಯಿ ಬಿಟ್ಟು ಓದಲಿಲ್ಲ. ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು 'ಉಪಕಾರವಾಯಿತು, ಸರ' ಎಂದು ನಮಸ್ಕಾರ ಮಾಡಿ ಹೋದನು.