ಗೊಂಬೆ ಮಾಡುವ ಮನೆಯ ಮಕ್ಕಳು

ಚನ್ನಪಟ್ಟಣದ ಗೊಂಬೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಟಿಪ್ಪು ಸುಲ್ತಾನನಿಂದ ಶುರು ಮಾಡುತ್ತಾರೆ. ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಕೆಲಸ ಕಲಿಸಿದ ಎನ್ನುವುದು ಊರಿನಲ್ಲಿ ಎಲ್ಲರೂ ಹೇಳುವ ಕಥೆ. ಆಮೇಲೆ ಜಪಾನಿನ ವಿಧಾನ ತಂದವರೆಂದು ಬಾವಾಸ್ ಮಿಯಾ ಹೆಸರು ಬರುತ್ತದೆ. ಕೊನೆಗೆ ಜಿಐ ಮಾನ್ಯತೆ. ಈ ಸಾಲಿನಲ್ಲಿ ಎಲ್ಲೂ ಕಾಣದವರೆಂದರೆ ಮಕ್ಕಳು. ಗೊಂಬೆ ಆಡುವ ಮಕ್ಕಳಲ್ಲ, ಗೊಂಬೆ ಮಾಡುವ ಮನೆಯಲ್ಲಿ ಹುಟ್ಟಿ ಬೆಳೆದ ಮಕ್ಕಳು.

ಹಳೆಯ ದಾಖಲೆಗಳಲ್ಲೂ ಅವರನ್ನು ಹುಡುಕುವುದು ಕಷ್ಟ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಗಾಜಿನ ಬಳೆ, ವಾದ್ಯಗಳ ಉಕ್ಕಿನ ತಂತಿಯ ಬಗ್ಗೆ ಬರೆದ. ಮುಂದೆ ಬ್ರಿಟಿಷರ ಕಾಲದ ಗೆಜೆಟಿಯರ್ ಶುಕ್ರವಾರ ಪೇಟೆಯ ಅರಗಿನ ಸಾಮಾನು ಮತ್ತು ಆಟಿಕೆಗಳನ್ನು ಅದೇ ತಂತಿ, ಬಳೆಗಳ ಜೊತೆ ಒಂದೇ ಸಾಲಿನಲ್ಲಿ ಹೊಗಳಿತು. ಸರಕಿನ ಹೆಸರು ಬರೆದವರು ಅದು ತಯಾರಾಗುವ ಮನೆಯೊಳಗೆ ಇಣುಕಲಿಲ್ಲ.

ಆ ಮನೆಯ ಕೆಲಸವನ್ನು ಹಂತ ಹಂತವಾಗಿ ನೋಡಿದರೆ ಮಕ್ಕಳು ಎಲ್ಲಿದ್ದಿರಬಹುದು ಎಂದು ಗೊತ್ತಾಗುತ್ತದೆ. ಮೂಲ ಸಾಮಗ್ರಿ ಆಲೆ ಮರ. ಬಿಳಿ, ನುಣುಪು, ಕಡೆಯಲು ಸುಲಭ. ಮರವನ್ನು ಚೆನ್ನಾಗಿ ಒಣಗಿಸಬೇಕು, ಇಲ್ಲದಿದ್ದರೆ ಗೊಂಬೆ ಸೀಳುತ್ತದೆ. ಒಣಗಿದ ಮರವನ್ನು ತುಂಡು ಮಾಡಿ ಲೇತಿಗೆ ಕಚ್ಚಿಸಿ ಉಳಿ ಕೊಟ್ಟರೆ ಆಕಾರ ಬರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಿದ ಶಾಖಕ್ಕೆ ಅರಗು ಕರಗಿ ಅಂಟುತ್ತದೆ. ಕೊನೆಗೆ ಕೇದಗೆ ಜಾತಿಯ ಒಣ ಎಲೆಯನ್ನು ಒತ್ತಿದರೆ ಹೊಳಪು. ಇದಾದ ಮೇಲೂ ಕೆಲಸ ಉಳಿಯುತ್ತದೆ: ಗಾಲಿ ಕೂರಿಸುವುದು, ದಾರ ಪೋಣಿಸುವುದು, ಕಣ್ಣು ಮೂಗು ಬರೆಯುವುದು, ಎಣಿಸಿ ಕಟ್ಟುವುದು.

ಉಳಿ ಮತ್ತು ಬಿಸಿ ಅರಗು ದೊಡ್ಡವರ ಕೆಲಸ. ಮಿಕ್ಕಿದ್ದರಲ್ಲಿ ಮನೆಮಂದಿಯೆಲ್ಲರಿಗೂ ಪಾಲು. ಬಿಲ್ಲಿನ ದಾರದಿಂದ ತಿರುಗಿಸುವ ಕೈಯಂತ್ರ ಇದ್ದಾಗ ಮರದ ವೇಗ ಮನುಷ್ಯನ ತೋಳಿನ ವೇಗವೇ ಆಗಿತ್ತು. ಕೈ ನಿಂತರೆ ಮರವೂ ನಿಲ್ಲುತ್ತಿತ್ತು. ವಿದ್ಯುತ್ ಮೋಟಾರು ಬಂದ ಮೇಲೆ ಉತ್ಪಾದನೆ ಹೆಚ್ಚಿತು, ದೂಳೂ ಹೆಚ್ಚಿತು. ತಪ್ಪಿದ ಬೆರಳಿಗಾಗಿ ಮೋಟಾರು ಕಾಯುವುದಿಲ್ಲ. ಅಪ್ಪನ ಪಕ್ಕ ಕೂತು ನೋಡುತ್ತಾ ಕಲಿಯುವ ಜಾಗ ಮಗುವಿಗೆ ಅಪಾಯದ ಜಾಗವಾಯಿತು. ಈ ಬದಲಾವಣೆಯನ್ನು ತಂದದ್ದು ಕಾನೂನಲ್ಲ, ಯಂತ್ರ.

ಇದನ್ನು ಕೊಪ್ಪಳ ಜಿಲ್ಲೆಯ ಕಿನ್ನಾಳದ ಜೊತೆ ಇಟ್ಟು ನೋಡಬೇಕು. ಅಲ್ಲಿಯ ಚಿತ್ರಗಾರ ಕುಟುಂಬಗಳ ಗೊಂಬೆಗೆ ಲೇತ್ ಬೇಕಿಲ್ಲ. ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಕಿಟ್ಟ ಮೆತ್ತಿ ಬಣ್ಣ ಬಳಿಯುತ್ತಾರೆ. ಅಂಟು ಕಲಸುವ ಕೈಗೂ ಬಣ್ಣ ಹಚ್ಚುವ ಕೈಗೂ ವಯಸ್ಸಿನ ಹಂಗು ಕಡಿಮೆ. ಎರಡೂ ಊರಿನಲ್ಲಿ ಗೊಂಬೆ ಮಾಡುವುದು ಮನೆಯಲ್ಲೇ. ಆದರೆ ಮಗುವಿಗೆ ಯಾವ ಕೆಲಸ ಸಲ್ಲುತ್ತದೆ ಎನ್ನುವುದನ್ನು ಉಪಕರಣ ತೀರ್ಮಾನಿಸುತ್ತದೆ.

ಮಕ್ಕಳ ಕೈಕೆಲಸಕ್ಕೆ ದೇಶ ಇಟ್ಟ ಹೆಸರುಗಳೂ ಬದಲಾಗುತ್ತಾ ಬಂದಿವೆ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನ ಗಾಂಧೀಜಿಯ ವಿಚಾರವನ್ನು ಒಪ್ಪಿ, ಏಳು ವರ್ಷದ ಶಿಕ್ಷಣದ ನಡುವೆ ಒಂದು ಕಸುಬನ್ನು ಇಡಬೇಕೆಂದಿತು. ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮ ಮಾಡಿತು, ಕಸುಬುಗಳಲ್ಲಿ ಮರಗೆಲಸವೂ ಇತ್ತು. ಅಂದರೆ ಉಳಿ ಹಿಡಿದ ಮಗು ಆಗ ವಿದ್ಯಾರ್ಥಿ. ನಮ್ಮ ಕಾಲಕ್ಕೆ ಅದು ‘ಕಾರ್ಯಾನುಭವ’ ಎಂಬ ಒಂದು ಪಿರಿಯಡ್ಡಾಗಿ ಉಳಿದಿತ್ತು. ಬಹಳಷ್ಟು ದಿನ ಆ ಪಿರಿಯಡ್‌ನಲ್ಲಿ ಮೈದಾನದ ಕಲ್ಲು ಆರಿಸಿದ್ದೇ ಹೆಚ್ಚು.

1986ರ ಬಾಲಕಾರ್ಮಿಕ ಕಾಯ್ದೆ ಇನ್ನೊಂದು ಹೆಸರು ಕೊಟ್ಟಿತು. ಆದರೆ ಮಾಲೀಕ ತನ್ನ ಕುಟುಂಬದ ನೆರವಿನಿಂದ ನಡೆಸುವ ಕಾರ್ಯಾಗಾರವನ್ನು ನಿಷೇಧದಿಂದ ಹೊರಗಿಟ್ಟಿತು. ಬೆಂಕಿಪೊಟ್ಟಣ, ಬೀಡಿ, ರತ್ನಗಂಬಳಿಯ ಕೆಲಸ ಮನೆಗಳೊಳಗೆ ನುಸುಳಿದ್ದನ್ನು ಕಂಡವರು ಈ ವಿನಾಯಿತಿಯನ್ನು ವಿರೋಧಿಸಿದ್ದರಲ್ಲಿ ಅರ್ಥವಿದೆ. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿತು. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ನೆರವಾಗಬಹುದು ಎಂಬ ಬಾಗಿಲನ್ನು ಮಾತ್ರ ತೆರೆದಿಟ್ಟಿತು. ಆ ಬಾಗಿಲು ಕಲಿಕೆಗೋ, ಅಗ್ಗದ ದುಡಿಮೆಗೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ನಮ್ಮ ನಿಲುವು ಸ್ಪಷ್ಟ. ತಿರುಗುವ ಲೇತಿನ ಮುಂದೆ ಮಗು ಕೂರಬಾರದು. ತುಂಡಿಗಿಷ್ಟು ಎಂದು ಕೂಲಿ ಸಿಗುವ ಮನೆಯಲ್ಲಿ ‘ನೆರವು’ ಎನ್ನುವುದು ಆರ್ಡರ್ ಬಂದ ವಾರ ರಾತ್ರಿ ಹತ್ತರವರೆಗೂ ಎಳೆಯಬಹುದು. ಗೊಂಬೆಯ ಬಣ್ಣವನ್ನು ಮಗು ಬಾಯಿಗಿಟ್ಟರೆ ಏನಾಗುತ್ತದೆ ಎಂದು ಕೊಳ್ಳುವವರು ಕೇಳುತ್ತಾರೆ. ಅದಕ್ಕಾಗಿ ಅರಿಸಿನ, ನೀಲಿಯಂಥ ಸಸ್ಯಜನ್ಯ ಬಣ್ಣಗಳು ಬಂದವು. 2021ರ ಜನವರಿಯಿಂದ ಆಟಿಕೆಗೆ ಬಿಐಎಸ್ ಗುರುತು ಕಡ್ಡಾಯವೂ ಆಯಿತು (ನೋಂದಾಯಿತ ಕುಶಲಕರ್ಮಿಗಳಿಗೆ, ಜಿಐ ಆಟಿಕೆಗಳಿಗೆ ವಿನಾಯಿತಿ ಇದೆ). ಗೊಂಬೆ ಮಾಡುವ ಮನೆಯ ಮಗು ಉಸಿರಾಡುವ ಮರದ ದೂಳಿನ ಬಗ್ಗೆ ಅಷ್ಟು ಪ್ರಶ್ನೆ ಎದ್ದಿಲ್ಲ.

ಆದರೂ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ ರಜೆಯ ದಿನ ಮಕ್ಕಳಿಗೆ ಮರದ ಗೊಂಬೆಗೆ ಬಣ್ಣ ಹಚ್ಚಿಸುವ ಶಿಬಿರಗಳು ನಡೆಯುತ್ತವೆ. ತಂದೆತಾಯಿ ದುಡ್ಡು ಕಟ್ಟಿ ಕಳಿಸುತ್ತಾರೆ. ಅದಕ್ಕೆ ಹೆಸರು ಸೃಜನಶೀಲತೆ. ಕಸುಬುದಾರನ ಮಗಳು ಮನೆಯ ಜಗಲಿಯಲ್ಲಿ ಅದೇ ಕುಂಚ ಹಿಡಿದರೆ ಅವಳ ಅಪ್ಪನೇ ‘ಇದು ನಿನಗೆ ಬೇಡ, ಓದಿಕೋ’ ಎನ್ನುತ್ತಾನೆ. ಅವನ ಮಾತಿನಲ್ಲಿ ತಪ್ಪಿಲ್ಲ. ಈ ಕಸುಬಿನಲ್ಲಿ ಹೊಟ್ಟೆ ತುಂಬುವ ಭರವಸೆ ಇಲ್ಲದ್ದಕ್ಕೆ ಅವನು ಹಾಗೆನ್ನುತ್ತಾನೆ, ಕೆಲಸ ಕೀಳೆಂದಲ್ಲ. ಆದರೆ ಮಗಳ ಕಿವಿಗೆ ಬೀಳುವುದು ಕೆಲಸ ಕೀಳು ಎಂದೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಹತ್ತು ದಿನ ಚೀಲವಿಲ್ಲದ ಶಾಲೆ ಎಂದಿದೆ. ಆ ದಿನಗಳಲ್ಲಿ ಊರಿನ ಬಡಗಿ, ಕುಂಬಾರ, ತೋಟಗಾರರ ಬಳಿ ಮಕ್ಕಳು ಕಲಿಯಬೇಕಂತೆ. ಆ ನೀತಿಯ ಉಳಿದ ಅಂಶಗಳ ಬಗ್ಗೆ ಜಗಳ ಇರಲಿ, ಇದೊಂದು ಅಂಶಕ್ಕೆ ಚನ್ನಪಟ್ಟಣ, ಕಿನ್ನಾಳ ತಯಾರಾಗಿಯೇ ಇವೆ. ಕಸುಬುದಾರರನ್ನು ಮೇಷ್ಟರೆಂದು ಶಾಲೆಗೆ ಕರೆದು, ದಿನದ ದುಡಿಮೆ ತಪ್ಪಿದ್ದಕ್ಕೆ ಗೌರವಧನ ಕೊಟ್ಟು, ಲೇತಿನ ಆಚೆಗಿನ ಎಲ್ಲ ಕೆಲಸವನ್ನೂ ಎಲ್ಲ ಮಕ್ಕಳಿಗೂ ಕಲಿಸಬಹುದು. ಗೊಂಬೆಯವರ ಮಗಳ ಪಕ್ಕದಲ್ಲಿ ತಹಶೀಲ್ದಾರರ ಮಗ ಕೂತು ಗಾಲಿ ಜೋಡಿಸಲಿ. ಕಸುಬು ಹಿಡಿಯಬೇಕೋ ಬಿಡಬೇಕೋ ಎಂದು ಅವಳು ಹದಿನೆಂಟು ದಾಟಿದ ಮೇಲೆ ತಾನೇ ತೀರ್ಮಾನಿಸಲಿ. ಅಲ್ಲಿಯವರೆಗೆ ಅದು ಅವಳಿಗೆ ನಾಚಿಕೆಯ ವಿಷಯವಾಗದಂತೆ ನೋಡಿಕೊಳ್ಳುವುದು ಊರಿನ ಕೆಲಸ.