ಕಲ್ಲಿಗೊಂದು ಊರು

(ಭದ್ರಾವತಿ ಆಕಾಶವಾಣಿಯಿಂದ ಪ್ರಸಾರವಾದ ಭಾಷಣ)

ಕೆಲವು ದಿನಗಳ ಹಿಂದಿನ ಮಾತು. ಶಿವಮೊಗ್ಗೆಯ ನಮ್ಮ ಗೋಪಾಳ ಬಡಾವಣೆಯಲ್ಲಿ ಎದುರುಮನೆಯವರು ಮಹಡಿ ಕಟ್ಟಲೆಂದು ತರಿಸಿದ್ದ ಮರಳಿನ ರಾಶಿಯಿಂದ ನನ್ನ ಮೊಮ್ಮಗ ಒಂದು ಕಲ್ಲನ್ನು ಆಯ್ದು ತಂದ. ಕೋಳಿಮೊಟ್ಟೆಯಷ್ಟು ಗಾತ್ರ, ಕೆಂಪು ಮೈ, ಅದರ ಮೇಲೆ ಕಪ್ಪು ಪಟ್ಟೆಗಳು. “ಅಜ್ಜ, ಇದು ಯಾವ ಊರಿನ ಕಲ್ಲು?” ಎಂದು ಕೇಳಿದ. ಯಾವ ಜಾತಿಯ ಕಲ್ಲು ಎಂದು ಕೇಳಿದ್ದರೆ, ಜಾಸ್ಪರ್ ಎಂದು ಹೇಳಿ ಪಾರಾಗುತ್ತಿದ್ದೆ. ಯಾವ ಊರಿನದೆಂದರೆ ಹೇಗೆ ಹೇಳಲಿ? ಲಾರಿಯವನನ್ನು ಕೇಳಬೇಕು, ಅವನಿಗೂ ಅದು ತಿಳಿದಿರಲಾರದು.

ಮಕ್ಕಳ ಪ್ರಶ್ನೆಯೆಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಕಲ್ಲು ಕೂಡಿಡುವ ಹವ್ಯಾಸದ ಮರ್ಮವೆಲ್ಲ ಆ ಒಂದು ಪ್ರಶ್ನೆಯಲ್ಲಿಯೇ ಇದೆಯೆಂದು ನನಗೆ ತೋರಿತು.

ಅಗೇಟ್ ಕಲ್ಲುಗಳನ್ನೂ ಪಳೆಯುಳಿಕೆಗಳನ್ನೂ ಸಂಗ್ರಹಿಸುವುದು ಪಾಶ್ಚಾತ್ಯರಿಂದ ಬಂದ ಹವ್ಯಾಸವೆಂಬ ಭಾವನೆ ನಮ್ಮಲ್ಲಿದೆ. ನಮ್ಮ ದೇವರ ಮನೆಗಳನ್ನು ನೋಡಿದರೆ ಈ ಭಾವನೆ ನಿಲ್ಲಲಾರದು. ಪಂಚಾಯತನ ಪೂಜೆಯ ತಟ್ಟೆಯಲ್ಲಿ ವಿಷ್ಣುವೆಂದು ಪೂಜೆಗೊಳ್ಳುವ ಸಾಲಿಗ್ರಾಮವು ಗಂಡಕಿ ನದಿಯದು. ಅದರೊಳಗಿನ ಚಕ್ರವು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ಬಾಳಿದ್ದ ಅಮೊನೈಟ್ ಎಂಬ ಜೀವಿಯ ಚಿಪ್ಪಿನ ಅಚ್ಚು, ಅಂದರೆ ಪಳೆಯುಳಿಕೆಯೇ. ಶಿವನ ಬಾಣಲಿಂಗ ನರ್ಮದೆಯದು, ಗಣಪತಿಯ ಕೆಂಪು ಕಲ್ಲು ಶೋಣನದಿಯದು, ಅಂಬಿಕೆಯ ಶಿಲೆ ಸ್ವರ್ಣಮುಖಿಯದು, ಸೂರ್ಯನಿಗೆ ಸ್ಫಟಿಕ. ಹಿರಿಯರು ಈ ಕಲ್ಲುಗಳನ್ನು ಪೂಜಿಸಿದರು. ಜೊತೆಗೆ ಪ್ರತಿಯೊಂದರ ನೆಲೆಯ ಹೆಸರನ್ನೂ ಕಲ್ಲಿನೊಡನೆ ಉಳಿಸಿಕೊಂಡು ಬಂದರು. ಗಂಡಕಿಯ ಹೆಸರಿಲ್ಲದ ಸಾಲಿಗ್ರಾಮವುಂಟೆ?

ಇದೇ ಶಿಸ್ತನ್ನು ವಿಜ್ಞಾನದ ದಾರಿಯಲ್ಲಿ ಕಲಿಸಿದವರು ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿ ಮದರಾಸಿಗೆ ಬಂದರು. 1863ರ ಮೇ 30ರಂದು ಪಲ್ಲಾವರದ ಬಳಿ ಜಲ್ಲಿ ತೆಗೆದ ಗುಂಡಿಯೊಂದರಲ್ಲಿ ಮನುಷ್ಯರ ಕೈ ಸೋಕಿದ್ದ ಶಿಲಾಯುಧವೊಂದು ಅವರ ಕಣ್ಣಿಗೆ ಬಿತ್ತು. ಭಾರತದ ಹಳೆಯ ಶಿಲಾಯುಗದ ಅಧ್ಯಯನ ಅಲ್ಲಿಂದ ಮೊದಲಾಯಿತು. ಅವರ ಉದ್ಯೋಗ ಬಂಡೆಗಳ ನಕ್ಷೆ ತಯಾರಿಸುವುದು. ಶಿಲಾಯುಧಗಳನ್ನು ಕೂಡಿಸಿದ್ದು ಅದರ ನಡುವೆ ಬೆಳೆದ ಹವ್ಯಾಸ. ಬಳ್ಳಾರಿ, ರಾಯಚೂರು, ಧಾರವಾಡ ಸೀಮೆಗಳನ್ನು ವರ್ಷಗಟ್ಟಲೆ ಸುತ್ತಿದರು. ನಮ್ಮ ಪುರಾತನ ಶಿಲಾಶ್ರೇಣಿಗೆ ‘ಧಾರವಾಡ’ ಎಂಬ ಹೆಸರನ್ನಿಟ್ಟವರೂ ಅವರೇ. ನಿವೃತ್ತರಾದ ಮೇಲೆ, 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದರು.

ನಾಲ್ಕು ದಶಕಗಳಲ್ಲಿ ಕೂಡಿದ ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯ ಕೊಂಡಿತು. ಫೂಟರು 1912ರಲ್ಲಿ ತೀರಿಕೊಂಡರು. ಅವರು ಸಿದ್ಧಪಡಿಸಿದ ವಿವರಣಾತ್ಮಕ ಪಟ್ಟಿ 1914ರಲ್ಲಿಯೂ ಟಿಪ್ಪಣಿಗಳು 1916ರಲ್ಲಿಯೂ ಅಚ್ಚಾದವು. ಆ ಪಟ್ಟಿಯನ್ನು ತೆರೆದವರಿಗೆ ಎದ್ದು ಕಾಣುವುದು ಕಲ್ಲುಗಳ ಅಂದಚಂದವಲ್ಲ, ಊರುಗಳ ಹೆಸರು. ಯಾವ ಸೀಮೆ, ಯಾವ ಊರು ಎಂಬುದು ಮೊದಲು, ಕಲ್ಲು ಆಮೇಲೆ.

ಕನ್ನಡ ಓದಿದವರಿಗೆ ಈ ಕ್ರಮ ಪರಿಚಿತವಾದುದೇ. ಬಿ. ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ, 1902 ಮತ್ತು 1904ರಲ್ಲಿ, ತಾಲ್ಲೂಕುವಾರು ಜೋಡಿಸಿ ಪ್ರಕಟಿಸಿದರು. ಶಿಕಾರಿಪುರ ಇಷ್ಟನೆಯದು, ಸೊರಬ ಇಷ್ಟನೆಯದು ಎಂದೇ ನಾವು ಇಂದಿಗೂ ಶಾಸನವನ್ನು ಕರೆಯುತ್ತೇವೆ. ಶಾಸನಕ್ಕಾದರೋ ಬಾಯಿದೆ, ಊರು ತಪ್ಪಿಹೋದರೂ ತನ್ನ ಅರಸನ ಹೆಸರನ್ನು ಅದು ಹೇಳೀತು. ಬರಿಯ ಕಲ್ಲಿಗೆ ಊರೇ ಬಾಯಿ.

ಊರು ಬರೆದಿಟ್ಟುದರ ಫಲವೇನೆಂದು ಕೇಳಬಹುದು. ಫೂಟರು ಗುರುತಿಸಿಟ್ಟಿದ್ದ ಬಳ್ಳಾರಿ ಸುತ್ತಿನ ನೆಲೆಗಳಿಗೆ ಮುಂದಿನ ತಲೆಮಾರಿನವರು ಮರಳಿ ಹೋಗಲು ಸಾಧ್ಯವಾಯಿತು; 1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. ಫೂಟರು ಕಂಡಿದ್ದ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ಅಗೆಸಿದಾಗ ಅಗೇಟ್ ಮೊದಲಾದ ಕಲ್ಲುಗಳ ಮಣಿಗಳು ದೊರೆತವು. ಅಗೇಟಿನ ತವರು ದಖನ್ನಿನ ಕಪ್ಪು ಲಾವಾಶಿಲೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ತಣಿಯುವಾಗ ಅನಿಲದ ಗುಳ್ಳೆಗಳು ಪೊಳ್ಳುಗಳಾಗಿ ಉಳಿದವು. ಅವುಗಳಿಗೆ ಜಿನುಗಿದ ನೀರು ತಂದ ಸಿಲಿಕ ಪದರ ಪದರವಾಗಿ ಕಟ್ಟಿಕೊಂಡು ಅಗೇಟ್ ಆಯಿತು. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಗಳಲ್ಲಿ ಆ ಲಾವಾಶಿಲೆ ಇದೆ. ಮಸ್ಕಿಯ ಸುತ್ತ ಇರುವುದಾದರೋ ಅದಕ್ಕಿಂತ ಎಷ್ಟೋ ಹಳೆಯ ಗ್ರಾನೈಟ್ ಜಾತಿಯ ಬಂಡೆ. ಹಾಗಾದರೆ ಮಣಿಯ ಕಲ್ಲು ಕೃಷ್ಣೆ ಹೊತ್ತು ತಂದ ಜಲ್ಲಿಯಿಂದಲೋ, ಇನ್ನೂ ದೂರದಿಂದಲೋ, ಮನುಷ್ಯರ ಕೈಯಲ್ಲಿ ಅಲ್ಲಿಗೆ ಬಂದಿರಬೇಕು. ಮಸ್ಕಿಯದೆಂದು ಬರೆದಿಟ್ಟುದರಿಂದಲೇ ಮಣಿಯೊಂದು ಪ್ರಯಾಣದ ಕಥೆ ಹೇಳುತ್ತದೆ. ಊರಿನ ಹೆಸರು ಅಳಿದರೆ ಅದು ಬರಿಯ ಒಡವೆ.

ನಮ್ಮ ಜಿಲ್ಲೆಯಲ್ಲಿ ಅಂಥ ಅಗೇಟನ್ನು ಅರಸುವುದು ವ್ಯರ್ಥ. ಶಂಖ, ಮೀನು, ಮೂಳೆಗಳ ಪಳೆಯುಳಿಕೆಗಳನ್ನು ಅರಸುವುದೂ ವ್ಯರ್ಥ. ಇಲ್ಲಿನ ಬಂಡೆಗಳು ಅಂಥ ಜೀವಿಗಳು ಹುಟ್ಟುವುದಕ್ಕೂ ಮೊದಲಿನವು. ಕುಂಸಿಯಂಥ ಮ್ಯಾಂಗನೀಸ್ ಸೀಮೆಯ ಕಲ್ಲನ್ನು ಒಡೆದಾಗ ಜರಿಗಿಡದ ಎಲೆಯಂಥ ಕಪ್ಪು ಚಿತ್ತಾರ ಕಂಡರೆ ಹಿಗ್ಗಬೇಡಿ: ಬಿರುಕಿನಲ್ಲಿ ಜಿನುಗಿದ ಮ್ಯಾಂಗನೀಸ್ ಬಿಡಿಸುವ ಚಿತ್ರವದು, ಗಿಡವಲ್ಲ. ಆದರೆ ನಿರಾಶೆಗೂ ಕಾರಣವಿಲ್ಲ. ಶಿವಮೊಗ್ಗ ಸೀಮೆಯ ಡಾಲೊಮೈಟ್ ಶಿಲೆಗಳಲ್ಲಿ ಸ್ಟ್ರೊಮಾಟೊಲೈಟ್‌ಗಳಿರುವುದನ್ನು ಭೂವಿಜ್ಞಾನಿಗಳು 1989ರಲ್ಲಿ ವರದಿ ಮಾಡಿದರು. ಇವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ತಿಳಿನೀರಿನಲ್ಲಿ ಪೊರೆಪೊರೆಯಾಗಿ ಕಟ್ಟಿದ ಗುಬ್ಬಿಗಳು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನವು. ಸಾಲಿಗ್ರಾಮದ ಜೀವಿ ಇವುಗಳ ಮುಂದೆ ನಿನ್ನೆ ಮೊನ್ನೆಯ ಕೂಸು.

ಇಷ್ಟೆಲ್ಲ ಹೇಳುವ ನಾನು ಈ ವಿಷಯದಲ್ಲಿ ತಪ್ಪಿತಸ್ಥನೇ. ಅಧ್ಯಾಪಕನಾದ ಹೊಸತರಲ್ಲಿ ಶಾಸನಗಳನ್ನು ನೋಡುತ್ತ ತುಂಗಭದ್ರೆಯ ದಂಡೆಯ ಹಳ್ಳಿಗಳಲ್ಲಿ ಅಲೆಯುತ್ತಿದ್ದೆ. ಮೂರು ಊರುಗಳಲ್ಲಿ ರೈತರು ಉಳುವಾಗ ಸಿಕ್ಕ ನುಣುಪಾದ ಕಲ್ಲಿನ ಕೊಡಲಿಗಳನ್ನು ನನಗೆ ಕೊಟ್ಟರು. “ಸಿಡಿಲಿನ ಸಂಗಡ ಬಿದ್ದ ಕಲ್ಲು ಸ್ವಾಮಿ, ಜೋಪಾನ” ಎಂದ ಮುದುಕರೊಬ್ಬರ ಮುಖ ಇಂದಿಗೂ ನೆನಪಿದೆ. ಊರಿನ ಹೆಸರನ್ನು ಚೀಟಿಯಲ್ಲಿ ಬರೆದು, ಕಲ್ಲುಗಳೊಡನೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟೆ. ವರ್ಗವಾದಂತೆಲ್ಲ ಪೆಟ್ಟಿಗೆಯೂ ಊರೂರು ತಿರುಗಿತು. ನಿವೃತ್ತನಾಗಿ ಗೋಪಾಳಕ್ಕೆ ಬಂದು ತೆರೆದು ನೋಡಿದರೆ ಗೆದ್ದಲು ಚೀಟಿಗಳನ್ನು ಪೂರ್ತಿ ತಿಂದಿತ್ತು. ಕಲ್ಲುಗಳಿಗೆ ಏನೂ ಆಗಿರಲಿಲ್ಲ. ಬಲ್ಲ ಗೆಳೆಯರೊಬ್ಬರಿಗೆ ತೋರಿಸಿದೆ. ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, “ಆಯುಧವೇನೋ ಸೊಗಸಾಗಿದೆ. ಆದರೆ ಯಾವುದು ಯಾವ ಊರಿನದು?” ಎಂದರು. ಸಾವಿರಾರು ವರ್ಷ ಮಣ್ಣು ಕಾಪಾಡಿದ್ದನ್ನು ನಾನು ನಲವತ್ತು ವರ್ಷ ಕಾಪಾಡಲಾರದೆ ಹೋದೆ. ಆ ಮೂರೂ ಈಗ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿ ಕುಳಿತಿವೆ.

ಆದುದರಿಂದ ಕಲ್ಲು ಆಯುವ ಎಳೆಯರಿಗೆ ನನ್ನ ಬಿನ್ನಹವಿಷ್ಟೆ. ಪ್ರಾಚೀನ ನೆಲೆಯೆಂದು ತೋರಿದಲ್ಲಿ ಕೈಯಿಕ್ಕಬೇಡಿ. ಊರನ್ನೂ ಹೊಲವನ್ನೂ ಬರೆದುಕೊಂಡು ಪುರಾತತ್ತ್ವ ಇಲಾಖೆಯವರಿಗೆ ತಿಳಿಸಿ. ಹೊಳೆಯ ದಂಡೆಯಲ್ಲಿ ಆಯ್ದ ಬರಿಯ ಚೆಲುವಿನ ಕಲ್ಲಾದರೂ ಸರಿಯೆ, ಮನೆ ಸೇರುವ ಮೊದಲೇ ಅದರ ಮೈಮೇಲೆ ಅಳಿಯದ ಮಸಿಯಲ್ಲಿ ಒಂದು ಅಂಕೆ ಹಾಕಿ, ಆ ಅಂಕೆಯ ಎದುರಿಗೆ ಊರು, ಹೊಳೆ, ತಾರೀಖುಗಳನ್ನು ಪುಸ್ತಕದಲ್ಲಿ ಬರೆಯಿರಿ. ಚೀಟಿಯನ್ನು ನಂಬಬೇಡಿ.

ಮೊಮ್ಮಗನ ಕಲ್ಲಿಗೆ ಒಂದನೆಯ ಅಂಕೆ ಬಿದ್ದಿದೆ. ಅವನ ಪುಸ್ತಕದ ಮೊದಲ ಸಾಲಿನಲ್ಲಿ, “ಗೋಪಾಳ, ಎದುರುಮನೆಯ ಮರಳಿನ ರಾಶಿ, ಮರಳು ಎಲ್ಲಿಯದೋ ಅಜ್ಜನಿಗೂ ಗೊತ್ತಿಲ್ಲ” ಎಂದು ಬರೆದಿದ್ದಾನೆ. ಅದು ಸತ್ಯವಾದ ದಾಖಲೆ. ನಾನು ತಿದ್ದಲಿಲ್ಲ.